ಸಹಾಯ ಬೇಕು: ನಾಪೋಕ್ಲಿನಿಂದ ಮಡಿಕೇರಿಗೆ ನಾಯಿ ಕರೆದೊಯ್ಯಲು ಜೀಪ್
ಅಣ್ಣಂದಿರೇ, ಅಕ್ಕಂದಿರೇ, ನಾಳೆ ಬೆಳಿಗ್ಗೆ 9ಕ್ಕೆ ಮಡಿಕೇರಿಯಲ್ಲಿ ಡಾಕ್ಟರ್ ನೋಡುತ್ತಾರೆ. ಯಾರಾದರೂ ಜೀಪ್ ತರಬಹುದೇ? 18 ಕೆಜಿ ತೂಕದ ತೋಟದ ನಾಯಿ. ಜ್ವರ 104 ಡಿಗ್ರಿ (ನಾಯಿಗೆ ಮಾಮೂಲಿ 101ರಿಂದ 102.5), ವಸಡು ಬಿಳಿಚಿದೆ, ಕಿವಿ ತುಂಬ ಉಣುಗು. ಉಣುಗಿನ ಜ್ವರವೇ ಇರಬೇಕು.

ಪಾದ, ಹೊಟ್ಟೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೇವೆ. 103ಕ್ಕೆ ಇಳಿದ ಕೂಡಲೇ ನಿಲ್ಲಿಸಬೇಕು, ಈ ಮಳೆಚಳಿಗೆ ಮೈ ತೀರಾ ತಣ್ಣಗಾಗಿಬಿಡುತ್ತದೆ. ನೀರು ತಾನೇ ನೆಕ್ಕಿದಷ್ಟು ಮಾತ್ರ. ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಇಳಿಯಬಹುದು. ದಯವಿಟ್ಟು ಪ್ಯಾರಾಸಿಟಮಾಲ್ ಕೊಡಿ ಎನ್ನಬೇಡಿ, ನಾಯಿಯ ಲಿವರ್ ಕೆಡಿಸುತ್ತದೆ. ಉಣುಗಿನ ಮೇಲೆ ಸೀಮೆಎಣ್ಣೆಯೂ ಬೇಡ.

ಮೂಗಿನಲ್ಲಿ ರಕ್ತ ಬಂದರೆ ಬೆಳಗಿನವರೆಗೆ ಕಾಯುವಂತಿಲ್ಲ, ರಾತ್ರಿಯೇ ಹೊರಡಬೇಕು. ಗಾಡಿ ಇದ್ದವರು ಈಗಲೇ ತಿಳಿಸಿ.