ಸಹಾಯ ಬೇಕು: ಹಳೇ ಕನ್ನಡ ಲಿಂಕ್‌ಗಳೆಲ್ಲ 404 ಆಗ್ತಿವೆ

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದ ವರ್ಡ್‌ಪ್ರೆಸ್ ಸೈಟನ್ನು ಹೊಸ ಸರ್ವರ್‌ಗೆ ಸಾಗಿಸಿದ ಮೇಲೆ, ಜನ ವಾಟ್ಸಾಪ್‌ನಲ್ಲಿ ಹಂಚಿಕೊಂಡಿದ್ದ ಹಳೇ ಲಿಂಕ್ ಒತ್ತಿದರೆ ‘ಪುಟ ಸಿಗಲಿಲ್ಲ’ (404) ಅಂತ ಬರ್ತಿದೆ. ಹಿರಿಯರ ಸಂದರ್ಶನಗಳೆಲ್ಲ ಅಲ್ಲೇ ಇವೆ, ಓದುಗರು ವಾಪಸ್ ಹೋಗೋದು ನೋಡಿದ್ರೆ ಸಂಕಟ ಆಗುತ್ತೆ.

ಇಂಗ್ಲಿಷ್ ಅಕ್ಷರದ ವಿಳಾಸಗಳು 301 ರೀಡೈರೆಕ್ಟ್ (ಹಳೇ ವಿಳಾಸದಿಂದ ಹೊಸದಕ್ಕೆ ಶಾಶ್ವತವಾಗಿ ಕಳಿಸೋ ಸೂಚನೆ) ಹಾಕಿದ ಮೇಲೆ ಸರಿಹೋದವು. ತೊಡಕು ಕನ್ನಡದ್ದು. ವಿಳಾಸದಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ ಪರ್ಸೆಂಟ್ ಗುರುತುಗಳ ಜೊತೆ 9 ಅಕ್ಷರ ಆಗುತ್ತೆ. ‘ಕಾ’ ಅಂದ್ರೆ ಎರಡು ಚಿಹ್ನೆ, 18 ಅಕ್ಷರ. ವರ್ಡ್‌ಪ್ರೆಸ್ ಸ್ಲಗ್‌ನ (ಶೀರ್ಷಿಕೆಯಿಂದ ಆಗೋ, ವಿಳಾಸದ ಕೊನೆಯ ಭಾಗ) ಮಿತಿ 200 ಅಕ್ಷರ, ಅಂದ್ರೆ 22 ಚಿಹ್ನೆಗೇ ಶೀರ್ಷಿಕೆ ತುಂಡು. ಹಾಗಾಗಿ ಈಗಿನ ಶೀರ್ಷಿಕೆ ನೋಡಿ ಹಳೇ ವಿಳಾಸ ಊಹಿಸೋಕಾಗಲ್ಲ. ಎಡಿಟರ್‌ನಲ್ಲಿ ಸ್ಲಗ್ ಬದಲಿಸಿದ್ರೆ ವರ್ಡ್‌ಪ್ರೆಸ್ ಹಳೇದನ್ನು ನೆನಪಿಟ್ಟುಕೊಳ್ತಿತ್ತು. ಇಲ್ಲಿ ಇಂಪೋರ್ಟ್ ವೇಳೆ ಬದಲಾಗಿರೋದ್ರಿಂದ ಆ ದಾಖಲೆಯೂ ಇಲ್ಲ.

ಹಳೇ ಡೇಟಾಬೇಸಿನ ಬ್ಯಾಕಪ್ ಇದೆ. ಅದರಿಂದ ಹಳೇ-ಹೊಸ ವಿಳಾಸಗಳ ಜೋಡಿಪಟ್ಟಿ ತೆಗೆದು ‘ರೀಡೈರೆಕ್ಷನ್’ ಪ್ಲಗಿನ್‌ಗೆ ಒಟ್ಟಿಗೆ ಹಾಕಿದವರು ಯಾರಾದ್ರೂ ಇದ್ದೀರಾ? ಪರ್ಸೆಂಟ್ ರೂಪ ಕೊಡಬೇಕಾ, ಕನ್ನಡ ಅಕ್ಷರವೇ ಸಾಕಾ?

ಇನ್ನೊಂದು, 404 ಲಾಗ್ ತುಂಬ ಲಾಗಿನ್ ಪುಟ, ಪಿಎಚ್‌ಪಿ ಫೈಲು ಹುಡುಕೋ ಬಾಟ್‌ಗಳದ್ದೇ (ತಾನಾಗಿ ಓಡೋ ಪ್ರೋಗ್ರಾಂಗಳದ್ದೇ) ಕಾಟ. ವಾಟ್ಸಾಪ್‌ನಿಂದ ಬಂದವರಿಗೆ ಸಾಮಾನ್ಯವಾಗಿ ರೆಫರರ್ (ಎಲ್ಲಿಂದ ಬಂದರು ಅನ್ನೋ ಮಾಹಿತಿ) ಇರಲ್ಲ. ನಿಜವಾದ ಓದುಗರನ್ನು ಹೇಗೆ ಬೇರ್ಪಡಿಸ್ತೀರಿ?

ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿ ಅಂತ ದಯವಿಟ್ಟು ಹೇಳಬೇಡಿ. ಗೂಗಲ್ ಅದನ್ನು ಸಾಫ್ಟ್ 404, ಅಂದ್ರೆ ಪುಟ ಇಲ್ಲದ ಹಾಗೇ ಅಂತಲೇ ಪರಿಗಣಿಸುತ್ತೆ, ಓದುಗರಿಗೂ ಬೇಕಾದ ಲೇಖನ ಸಿಗಲ್ಲ.