ಕೊರಳಿಗೆ ಹಾಕುವ ತುರ್ತು ಕರೆ ಸಾಧನಕ್ಕೆ ಎಸ್‌ಎಆರ್ (ದೇಹ ಹೀರಿಕೊಳ್ಳುವ ರೇಡಿಯೊ ಶಕ್ತಿಯ ಪ್ರಮಾಣ) ಪರೀಕ್ಷೆ ಬೇಕೇ?

ಪ್ರಶ್ನೆ (ತುಮಕೂರು)

ನಮಸ್ಕಾರ. ಇಲ್ಲಿನ ವಸಂತನರಸಾಪುರದಲ್ಲಿ ನಾವು ನಾಲ್ವರು ಸೇರಿ, ಊರಲ್ಲಿ ಒಂಟಿಯಾಗಿರುವ ಹಿರಿಯರಿಗಾಗಿ ಒಂದು ಸಾಧನ ಸಿದ್ಧಪಡಿಸುತ್ತಿದ್ದೇವೆ. ಗುಂಡಿ ಒತ್ತಿದರೆ ಮಕ್ಕಳ ಫೋನಿಗೆ ಕರೆ ಹೋಗುತ್ತದೆ. ಒಳಗೆ ಬ್ಲೂಟೂತ್ ಹಾಗೂ ಸಿಮ್ ಹಾಕುವ 4ಜಿ ಮಾಡ್ಯೂಲ್ ಇವೆ. ಮೊದಲು ಮಣಿಕಟ್ಟಿಗೆ ಕಟ್ಟುವಂತೆ ಮಾಡಿದ್ದೆವು, ಈಗ ದಾರ ಪೋಣಿಸಿ ಕೊರಳಿಗೆ ಹಾಕುವಂತೆ ಬದಲಿಸಿದ್ದೇವೆ. ಮಾಡ್ಯೂಲ್ ಮಾರಿದವರು ತಮ್ಮ ಪ್ರಮಾಣಪತ್ರವೇ ಸಾಕು ಎನ್ನುತ್ತಾರೆ. ಸದಾ ಮೈಗೆ ತಾಗಿಕೊಂಡಿರುವ ವಸ್ತುವಿಗೆ ಅದು ಸಾಲುತ್ತದೆಯೇ?

ಉತ್ತರ 1

ಸಾಲುವುದಿಲ್ಲ. ದೇಹ ಎಷ್ಟು ಶಕ್ತಿಯನ್ನು ಹೀರಿಕೊಳ್ಳುತ್ತದೆ ಎಂಬುದು ನಿಮ್ಮ ಆಂಟೆನಾ, ಡಬ್ಬಿ ಮತ್ತು ಚರ್ಮದಿಂದ ಇರುವ ಅಂತರವನ್ನು ಅವಲಂಬಿಸಿರುತ್ತದೆ. ಮಾಡ್ಯೂಲ್ ಮಾರಿದವರು ಅದ್ಯಾವುದನ್ನೂ ನೋಡಿಲ್ಲ. ಅಂದಾಜಿಗೆ ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಹಿಂದಿನ ಮಾರ್ಗಸೂಚಿಯ ಒಂದು ಲೆಕ್ಕವಿದೆ: ಮಿಲಿವ್ಯಾಟ್‌ನಲ್ಲಿರುವ ಗರಿಷ್ಠ ಪ್ರಸಾರ ಶಕ್ತಿಯನ್ನು ಮಿಲಿಮೀಟರ್ ಅಂತರದಿಂದ ಭಾಗಿಸಿ (5ಕ್ಕಿಂತ ಕಡಿಮೆಯಿದ್ದರೆ 5 ಎಂದೇ ಹಿಡಿದು), ಗಿಗಾಹರ್ಟ್ಸ್‌ನಲ್ಲಿರುವ ಆವರ್ತನದ ವರ್ಗಮೂಲದಿಂದ ಗುಣಿಸಿದಾಗ 3 ಮೀರದಿದ್ದರೆ ಅಳತೆಯಿಂದ ವಿನಾಯಿತಿ ಇತ್ತು. 2.5 ಮಿಲಿವ್ಯಾಟ್ ಬ್ಲೂಟೂತಿಗೆ 0.78 ಬರುತ್ತದೆ. 4ಜಿಯ 200 ಮಿಲಿವ್ಯಾಟ್‌ಗೆ, 1.8 ಗಿಗಾಹರ್ಟ್ಸ್‌ನಲ್ಲಿ, 53 ದಾಟುತ್ತದೆ. ಆದ್ದರಿಂದ ಪರೀಕ್ಷೆ ಬೇಕೇ ಬೇಕು.

ಉತ್ತರ 2

ಮಣಿಕಟ್ಟಿನಿಂದ ಕೊರಳಿಗೆ ಬಂದದ್ದು ಚಿಕ್ಕ ಬದಲಾವಣೆಯಲ್ಲ. ಎಫ್‌ಸಿಸಿ ನಿಯಮದಲ್ಲಿ ಮಣಿಕಟ್ಟಿಗೆ 10 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗ್ರಾಂಗೆ 4 ವ್ಯಾಟ್ ಎಸ್‌ಎಆರ್ ಮಿತಿ. ಎದೆಗೆ 1 ಗ್ರಾಂ ಸರಾಸರಿಯಲ್ಲಿ 1.6 ವ್ಯಾಟ್. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಫೋನುಗಳಿಗಿರುವ ಮಿತಿಯೂ ಇದೇ 1.6. ಹಳೆಯ ವಿನ್ಯಾಸದ ವರದಿಯನ್ನು ಇದಕ್ಕೆ ಅಂಟಿಸಬೇಡಿ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಇನ್ನೊಂದು ಸಂಗತಿ: ಮಾದರಿಯನ್ನು ನನ್ನ ತಾಯಿಗೆ ಕೊಟ್ಟಾಗ, ಅವರು ಅದನ್ನು ರವಿಕೆಯೊಳಗೆ, ಮಾಂಗಲ್ಯದ ಸರದ ಜೊತೆ ಸೇರಿಸಿಟ್ಟುಕೊಂಡರು. ಬಟ್ಟೆಯ ಮೇಲೆ 5 ಮಿ.ಮೀ. ಅಂತರ ಇರುತ್ತದೆಂದು ನಾವು ಬರೆದಿಟ್ಟಿದ್ದೆವು.

ಉತ್ತರ 2

ಹಾಗಾದರೆ ಸೊನ್ನೆ ಅಂತರದಲ್ಲಿಯೇ ಅಳೆಸಿ. ನಿಮ್ಮ ತಾಯಿ ತೊಟ್ಟ ಬಗೆಯೇ ನಿಜವಾದ ಬಳಕೆ. ಕೈಪಿಡಿಯಲ್ಲಿ ‘ಬಟ್ಟೆಯ ಮೇಲೆ ಧರಿಸಿ’ ಎಂದು ಬರೆದರೆ ಅಜ್ಜಿಯರು ಓದಿ ಪಾಲಿಸುವುದಿಲ್ಲ. ಆಂಟೆನಾದ ಪಕ್ಕ ಚಿನ್ನದ ಸರವಿದ್ದರೆ ಶಕ್ತಿ ಹರಡುವ ರೀತಿ ಬದಲಾಗಬಹುದು, ಆದ್ದರಿಂದ ಸರವನ್ನಿಟ್ಟೂ ಒಮ್ಮೆ ಅಳೆಯುವಂತೆ ಪ್ರಯೋಗಾಲಯದವರನ್ನು ಕೇಳಿ. ಪಾವಗಡದ ಕಡೆ ಗುಡ್ಡದ ಮರೆಯ ಹಳ್ಳಿಗಳಲ್ಲಿ ಸಿಗ್ನಲ್ ಕ್ಷೀಣಿಸಿದಾಗ ಸಾಧನ ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. ಪರೀಕ್ಷೆಯೂ ಪೂರ್ಣ ಶಕ್ತಿಯಲ್ಲೇ ನಡೆಯಲಿ. ಡಬ್ಬಿಯ ಅಚ್ಚು ಮಾಡಿಸುವ ಮೊದಲೇ ಇದನ್ನು ಮುಗಿಸಿ. ಆಂಟೆನಾವನ್ನು ಎದೆಯ ಕಡೆಯಿಂದ ಹೊರಮುಖಕ್ಕೆ ಸರಿಸಬೇಕಾದರೆ ಆಗ ಇನ್ನೂ ಜಾಗವಿರುತ್ತದೆ.