ವೈದ್ಯರು ನೋಡುವ ತನಕ ಹೂಳಬೇಡಿ

ಸಣ್ಣ ಸೊಸೆಯೇ, ನೀನು ನಮ್ಮ ಮನೆತನದ ಗುಂಪಿನಲ್ಲಿ ಹಾಕಿದ್ದನ್ನು ಮೊಮ್ಮಗ ಈಗ ಓದಿ ಹೇಳಿದ. ಹೊಳೆ ನೀರು ಕೊಟ್ಟಿಗೆಗೆ ನುಗ್ಗಿ ಎರಡು ಎಮ್ಮೆ ಸತ್ತಿವೆ, ಇವತ್ತೇ ಹೂಳಿಬಿಡೋಣವೇ, ಸರ್ಕಾರದ ಪರಿಹಾರ ಸಿಗುತ್ತದೆಯೇ ಎಂದು ಕೇಳಿದ್ದೀಯಲ್ಲ. ಹೂಳಬೇಡವ್ವ. ಪಶು ವೈದ್ಯರು ಬಂದು ನೋಡುವ ತನಕ ಒಂದು ಹಿಡಿ ಮಣ್ಣೂ ಹಾಕಬೇಡಿ.

ನಮ್ಮ ಎಮ್ಮೆ ಗೌರಿಗೆ ಆದದ್ದು ನಿಮಗೆಲ್ಲ ಗೊತ್ತಿದೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರು, ಮಲಪ್ರಭೆ ಹೊಳೆ ಊರೊಳಗೆ ಬಂದಳು. ಕತ್ತಲಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡಿದೆವು, ಗೌರಿಯ ಕಣ್ಣಿ ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ. ಮೂರನೆಯ ದಿನ ಬಂದು ನೋಡಿದರೆ ಕಟ್ಟಿದ ಗೂಟದ ಬಳಿಯೇ ಊದಿಕೊಂಡು ಬಿದ್ದಿತ್ತು. ದಿನಕ್ಕೆ ಎಂಟು ಲೀಟರ್ ಕೊಡುತ್ತಿದ್ದ ಎಮ್ಮೆ. ವಾಸನೆ ತಡೆಯಲಾಗದೆ ಹಿರಿಯ ಭಾವನವರು ಜೆಸಿಬಿ ಕರೆಸಿ ಹೂಳಿಸಿಬಿಟ್ಟರು. ನಾಲ್ಕು ದಿನ ಬಿಟ್ಟು ಸಮೀಕ್ಷೆಗೆ ಬಂದವರು ಮರಣೋತ್ತರ ಪರೀಕ್ಷೆಯ ವರದಿ ಎಲ್ಲಿ, ಫೋಟೊ ಎಲ್ಲಿ ಎಂದರು. ನಾನು ಗುಂಡಿ ತೋರಿಸಿದೆ. ಗುಂಡಿಗೆ ಪರಿಹಾರ ಬರೆಯಲು ಆಗುವುದಿಲ್ಲಮ್ಮ ಎಂದು ಹೊರಟುಹೋದರು. ಆಗ ಹಾಲು ಕೊಡುವ ಎಮ್ಮೆಗೆ 30,000 ರೂಪಾಯಿ ಇತ್ತು. ಪಕ್ಕದ ಮನೆಯವರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ತಾಡಪಾಲು ಹೊದಿಸಿ ಕಾದರು. ಅವರಿಗೆ ಬಂತು.

ಅದಕ್ಕೇ ಮತ್ತೆ ಹೇಳುತ್ತೇನೆ, ಯಾರು ಎಷ್ಟೇ ಅವಸರ ಮಾಡಲಿ, ವೈದ್ಯರು ನೋಡುವ ಮೊದಲು ಹೂಳಬೇಡಿ.

ಅವಸರ ಮಾಡಿದ ಭಾವನವರು ಒಂದು ದಿನವಾದರೂ ತಪ್ಪಾಯಿತು ಎಂದರೇ? ಮನೆಗೆ ನೀರು ನುಗ್ಗಿದ್ದಕ್ಕೆ ಸರ್ಕಾರ ತುರ್ತಾಗಿ ಕೊಟ್ಟ 10,000 ಕೂಡ ಅವರ ಖಾತೆಗೇ ಬಿತ್ತು, ರೇಷನ್ ಕಾರ್ಡ್ ಒಂದೇ ಎಂಬ ಕಾರಣಕ್ಕೆ. ಎರಡು ಒಲೆ ಉರಿಯುತ್ತಿದ್ದ ಮನೆ ಅದು! ನಮ್ಮ ಪಾಲಿಗೆ ಬಂದದ್ದು ಒಂದು ಚೀಲ ಜೋಳ, ಅದೂ ಮುಗ್ಗಿದ್ದು. ಅವರ ಮಕ್ಕಳೂ ಇದೇ ಗುಂಪಿನಲ್ಲಿದ್ದಾರೆ, ಕೇಳಿಸಿಕೊಳ್ಳಲಿ.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ಪಶು ಆಸ್ಪತ್ರೆಗೆ ಈಗಲೇ ಹೇಳಿ ಕಳುಹಿಸು, ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡು. ತಲಾಟಿಯವರನ್ನೂ, ಅಂದರೆ ಊರಿನ ಕಂದಾಯ ಲೆಕ್ಕ ನೋಡುವವರನ್ನೂ, ಕರೆಸಿ ಪಂಚನಾಮೆ ಬರೆಸು. ಎಮ್ಮೆಗಳ ಕಿವಿಯಲ್ಲಿರುವ ಗುರುತಿನ ಹಳದಿ ಓಲೆ ಕತ್ತರಿಸಬೇಡ. ಅದರ ಹನ್ನೆರಡು ಅಂಕಿ ಕಾಣುವ ಹಾಗೆ ಫೋಟೊ ತೆಗೆ. ಓಲೆ ಹಾಕಿಸಿದಾಗ ಯಾರ ಹೆಸರು ಬರೆಸಿದ್ದೀರಿ ನೋಡು. ತೀರಿಹೋದ ನಿಮ್ಮ ಮಾವನ ಹೆಸರಿದ್ದರೆ ವೈದ್ಯರಿಗೆ ಮೊದಲೇ ತಿಳಿಸು. ಪಾಸ್‌ಬುಕ್ ನಿನ್ನದೇ ಕೊಡು, ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಕೋ. ಹಾಲು ಕೊಡುವ ಎಮ್ಮೆಯ ಪರಿಹಾರವನ್ನು 2022ರಲ್ಲಿ 37,500 ರೂಪಾಯಿಗೆ ಏರಿಸಿದ್ದರು, ಎರಡಕ್ಕೂ ಬರೆಸು.

ಉಳಿದ ಕರುವಿನ ಕಣ್ಣಿ ರಾತ್ರಿ ಬಿಚ್ಚಿಯೇ ಮಲಗಿ.